ಈರಬಸಪ್ಪನ ಕೂಗಳತೆ

ಈರಬಸಪ್ಪ ಮಂಗಳವಾರ ಮಧ್ಯಾಹ್ನ ತೀರಿಕೊಂಡ. ವಯಸ್ಸು ಎಪ್ಪತ್ತೊಂದು. ಊರು ತಿರ್ಲಾಪುರ. ಅವನ ಹೊಲ ಸಾಲಿ ಮಾಸ್ತರನಾಗಿದ್ದ ನನ್ನ ಹೊಲಕ್ಕೆ ಹತ್ತಿದ್ದು. ಅವರ ಮನೆತನದಲ್ಲಿ ಸ್ವಂತ ಹೊಲದಲ್ಲೇ ಹೂಳುತ್ತಾರೆ. ಎಲ್ಲಿ ಹೂಳಬೇಕು ಎಂಬ ಮಾತನ್ನು ಎದೆ ಪರೀಕ್ಷೆ ಮಾಡಿಸಿಕೊಂಡು ಬಂದ ದಿನ ಅವನೇ ತೆಗೆದ. ಮೊದಮೊದಲು ಅವನ ಹೆಂಡತಿ ಅನ್ನವ್ವ ‘ಬಿಡ್ತು ಅನ್ರಿ’ ಎನ್ನುತ್ತಿದ್ದಳು. ಹದಿನೈದು ದಿನದಲ್ಲಿ ಅವಳೂ ಚೌಕಾಸಿಗೆ ಇಳಿದಿದ್ದಳು. ಸೋಮವಾರ ಹೊತ್ತು ಮೂಡುವಾಗ ನನ್ನ ಹೊಲದ ಬೇವಿನ ಮರದ ಕೆಳಗೆ ಜಗಳ ನಡೆದಿತ್ತು.

ಅನ್ನವ್ವ: ಹಳ್ಳದ ದಂಡಿಗೆ ಇಡ್ತೀವಿ. ನಿಮ್ಮಪ್ಪ ಅಲ್ಲೇ ಅದಾನ, ನಿಮ್ಮಜ್ಜ ಅಲ್ಲೇ ಅದಾನ.

ಈರಬಸಪ್ಪ: ಅಪ್ಪ ಬದುಕಿದ್ದಾಗ್ಲೇ ನನ್ನ ಕೂಡ ಮಾತಾಡ್ಲಿಲ್ಲ. ಈಗ ಬಾಜು ಮಲಗಿ ಏನ ಮಾಡ್ಲಿ? ನನ್ನ ಇಲ್ಲೇ ಬದುವಿನ ಕಡೆ ಇಡ್ರಿ. ಮಾಸ್ತರ ಚಹಾಕ್ಕ ಕೂಗಿದ್ರ ಕೇಳಿಸ್ಬೇಕು.

ನಾನು: ಸತ್ತವ ಚಹಾ ಕುಡೀತಾನೇನಲೇ?

ಈರಬಸಪ್ಪ: ಕುಡ್ಯಾಕಲ್ಲೋ. ಕರದಿ ಅಂತ ಗೊತ್ತಾಗಾಕ.

ಅನ್ನವ್ವ: ಬದುವಿನ ಕಡೆ ಎಂಥಾ ಎರಿ ಮಣ್ಣೈತಿ, ಕಡ್ಲಿ ಮೊಣಕಾಲ ಮಟಾ ಬರತೈತಿ. ಅಲ್ಲಿ ನಿಮ್ಮನ್ನ ಬಿತ್ತಿ ಏನ ಬೆಳೀಲಿ?

ಕೊನೆಗೆ ಹಿರಿಯರ ಅಳತೆಗೆ ಇಬ್ಬರೂ ಒಪ್ಪಿದರು. ಒಂದು ಕೂಗಳತೆ. ನಾನು ಕೈಯೆತ್ತಿ ಬೇವಿನ ಮರದಿಂದ ಕೂಗಬೇಕು. ಕೂಗು ಕೇಳಿಸುವ ಕಟ್ಟಕಡೆಯ ಜಾಗದಲ್ಲಿ ಅವನು ಗೂಟ ಹೊಡೆಯಬೇಕು. ಕೇಳಿಸಿತೋ ಇಲ್ಲವೋ ಮೊಬೈಲಿನಲ್ಲಿ ತಿಳಿಸಬೇಕು. ಅವನು ಗೂಟ ಹೊತ್ತು ಅರ್ಧ ಹೊಲ ದಾಟಿದ. ನಾನು ಕೂಗಿದೆ.

ಈರಬಸಪ್ಪ (ಫೋನಿನಲ್ಲಿ): ಎರಡ ಸಲ ಕೇಳಿಸ್ತು. ಮೊದಲ ಫೋನಿನ್ಯಾಗ, ಆಮ್ಯಾಲೆ ಗಾಳ್ಯಾಗ.

ನಾನು: ಗಾಳ್ಯಾಗ ಸಪ್ಪಳ ಸೆಕೆಂಡಿಗೆ ಮುನ್ನೂರಾ ನಲವತ್ತ ಮೀಟರ್ ಅಷ್ಟ ಓಡತೈತಿ. ಅದಕ್ಕ ತಡಾ.

ಈರಬಸಪ್ಪ: ನಿನ್ನ ಕೈ ಮೊದಲ ಕಂಡ್ತು, ಮಾತ ಹಿಂದಿಂದ ಬಂತು. ಸಾಲ್ಯಾಗೂ ಹಂಗ ಇತ್ತಂತ, ಹುಡುಗ್ರು ಹೇಳ್ತಿದ್ರು.

ಅನ್ನವ್ವ ಫೋನು ಕಸಿದುಕೊಂಡಳು.

ಅನ್ನವ್ವ: ಕೇಳಿಸ್ತಲ್ಲ, ಇನ್ನ ಹಿಂದ ಸರೀರಿ.

ಅವನು ಸರಿದ. ನಾನು ಕೂಗಿದೆ. ಮತ್ತೆ ಸರಿದ, ಮತ್ತೆ ಕೂಗಿದೆ. ಬೆಳಗಿನ ತಂಪಿನಲ್ಲಿ ನನ್ನ ಕೂಗು ಹಳ್ಳದ ದಂಡೆಯವರೆಗೂ ಹೋಯಿತು. ಅನ್ನವ್ವ ಗೆದ್ದಳು. ಅವನು ಗೂಟ ಹೊತ್ತು ಏದುಸಿರು ಬಿಡುತ್ತ ವಾಪಸ್ಸು ಬಂದ.

ಈರಬಸಪ್ಪ: ಇದು ಮೋಸ. ಇದ ಕೂಗು ಮಧ್ಯಾಹ್ನ ಅರ್ಧ ಹಾದಿಗೆ ಸಾಯ್ತೈತಿ. ಮಾಸ್ತರ, ಹೌದೋ ಅಲ್ಲೋ?

ನಾನು: ಹೌದು. ಈಗ ನೆಲದ ಮ್ಯಾಲಿನ ಗಾಳಿ ತಣ್ಣಗೈತಿ. ತಣ್ಣನ ಗಾಳ್ಯಾಗ ಸಪ್ಪಳ ಸಾವಕಾಶ, ಅದರ ಮ್ಯಾಲಿನ ಬೆಚ್ಚನ ಗಾಳ್ಯಾಗ ಜೋರ. ಅದಕ್ಕ ಕೂಗು ನೆಲದ ಕಡೆ ಬಾಗತೈತಿ. ಮಧ್ಯಾಹ್ನ ನೆಲ ಕಾದ್ರ ಉಲ್ಟಾ. ಕೂಗು ಮ್ಯಾಲ ಬಾಗಿ ನಿನ್ನ ತಲಿ ದಾಟಿ ಹೋಗತೈತಿ.

ಅನ್ನವ್ವ: ಹಂಗಾರ ಮಧ್ಯಾಹ್ನ ಗಿಡ ಹತ್ತಿ ಕೇಳ್ರಿ.

ಈರಬಸಪ್ಪ: ನನ್ನ ಗಿಡದ ಮ್ಯಾಲ ಹೂಳಾಕಿ ಏನ?

ಅನ್ನವ್ವ: ಮಣ್ಣಾಗ ಇಟ್ರ ಕೇಳಿಸ್ತೈತೇನು? ಮಾಸ್ತರ, ಖರೆ ಹೇಳ್ರಿ.

ನಾನು: ಗಾಳ್ಯಾಗಿನ ಸಪ್ಪಳ ನೆಲಕ್ಕ ಬಡದು ಬಾಳಷ್ಟು ವಾಪಸ್ ಹೋಗತೈತಿ. ಒಳಗ ಇಳಿಯೂದು ಚೂರು.

ಈರಬಸಪ್ಪ: ಎರಿ ನೆಲ ಬ್ಯಾಸಗ್ಯಾಗ ಬಿರಕ ಬಿಡತೈತಿ. ಬಿರಕಿನ್ಯಾಗಿಂದ ಬರತೈತಿ.

ಅನ್ನವ್ವ: ಮಳಿಗಾಲದಾಗ ಬಿರಕ ಮುಚ್ಚತಾವ.

ಈರಬಸಪ್ಪ: ಮಳಿಗಾಲದಾಗ ಇವ ಹೊಲಕ್ಕ ಬರಂಗಿಲ್ಲ.

ಮರುದಿನ ಮಧ್ಯಾಹ್ನ ಇನ್ನೊಮ್ಮೆ ಅಳೆಯುವುದು, ಆಗ ಗೂಟ ಎಲ್ಲಿ ನಿಲ್ಲುವುದೋ ಅದೇ ಕಾಯಂ ಎಂದು ಅನ್ನವ್ವ ಷರತ್ತು ಹಾಕಿದಳು.

ಮಂಗಳವಾರ ಹನ್ನೆರಡೂವರೆಗೆ ಅವನು ಗೂಟವನ್ನೂ ಒಂದು ಕಲ್ಲನ್ನೂ ಹಿಡಿದು ಹೋದ. ಅರ್ಧ ಹೊಲ ದಾಟಿ, ಗೂಟ ನಿಲ್ಲಿಸಿಕೊಂಡು ನಮ್ಮ ಕಡೆ ಮುಖ ಮಾಡಿದ. ಬಿಸಿಲಿಗೆ ಅವನ ಆಕಾರ ನೀರಿನಲ್ಲಿ ಕಂಡಂತೆ ಅಲುಗುತ್ತಿತ್ತು. ಅನ್ನವ್ವ ನನ್ನ ಪಕ್ಕದಲ್ಲಿ, ನಾನು ದನಿ ತಗ್ಗಿಸಿ ಕಳ್ಳಗೂಗು ಕೂಗಿಯೇನೆಂದು ಕಾವಲು ನಿಂತಿದ್ದಳು. ಗಂಟಲು ಒಣಗಿತ್ತು. ಒಂದು ಗುಟುಕು ನೀರು ಕುಡಿದು ಕೂಗೋಣವೆಂದು ತಂಬಿಗೆ ಎತ್ತಿದೆ. ಫೋನು ಬಂತು.

ಈರಬಸಪ್ಪ: ಕೇಳಿಸ್ಲಿಲ್ಲ.

ನಾನು: ಏನು?

ಈರಬಸಪ್ಪ: ನಿನ್ನ ಕೂಗು. ಒಟ್ಟ ಕೇಳಿಸ್ಲಿಲ್ಲ. ಅಗದಿ ತಲಿ ಮ್ಯಾಲಿಂದ ಹೋತು ನೋಡು. ಇಪ್ಪತ್ತ ಹೆಜ್ಜಿ ಮುಂದ ಬರ್ತೀನಿ.

ನಾನು ಫೋನಿನ ಮೇಲೆ ಕೈ ಮುಚ್ಚಿದೆ.

ಅನ್ನವ್ವ: ನೀವಿನ್ನೂ ಕೂಗೇ ಇಲ್ಲಲ್ರಿ.

ನಾನು: ಇಲ್ಲವ್ವಾ.

ಅವಳು ಹಣೆಗೆ ಸೆರಗು ಅಡ್ಡ ಹಿಡಿದು ಅವನ ಕಡೆ ನೋಡಿದಳು.

ಅನ್ನವ್ವ: ಹಂಗಾರ ಕೂಗಬ್ಯಾಡ್ರಿ. ಬರ್ಲಿ.

ಅವನು ಬಂದ. ಇಪ್ಪತ್ತು ಎಂದವನು ಅರವತ್ತು ಹೆಜ್ಜೆ ಬಂದ. ನಿಂತು, ತಾನು ಬಿಟ್ಟುಬಂದ ಜಾಗವನ್ನು ಒಮ್ಮೆ ತಿರುಗಿ ನೋಡಿ, ಮತ್ತೆ ಐದು ಹೆಜ್ಜೆ ಬಂದ. ಬಗ್ಗಿ ಗೂಟ ನಿಲ್ಲಿಸಿದ. ಕಲ್ಲಿನಿಂದ ಬಡಿದ. ಹಿಡಿದು ಅಲುಗಾಡಿಸಿ ನೋಡಿ, ಇನ್ನೊಂದು ಏಟು ಹಾಕಿ, ಅದರ ಪಕ್ಕ ಕೂತ.