ವಾಡಿಕೆಗಿಂತ ತುಸು ತಗ್ಗಿನಲ್ಲಿ

ವಿಮಾನ ನೆಲಕ್ಕಿಳಿಯಲು ಚಕ್ರ ಬೇಕು ಎಂಬುದು ಜನಸಾಮಾನ್ಯರಲ್ಲಿ ಬೇರೂರಿರುವ ನಂಬಿಕೆ. ಕಲ್ಕತ್ತೆಯ ಅಂಚಿನ ವಿಮಾನ ತರಬೇತಿ ಕೇಂದ್ರದ ಯಾವ ಕಡತದಲ್ಲೂ ಇದಕ್ಕೆ ಆಧಾರ ಸಿಕ್ಕಿಲ್ಲ.

ಎಂಬತ್ತರ ದಶಕದ ಒಂದು ಚಳಿಗಾಲದ ಬೆಳಿಗ್ಗೆ ಅಲ್ಲಿಯ ಶಿಕ್ಷಕ, ಉಡುಪಿ ಕಡೆಯ ಮುರಾರಿ ರಾಯರು, ಎರಡು ಎಂಜಿನ್ನಿನ ಪುಟ್ಟ ವಿಮಾನವನ್ನು ಚಕ್ರ ಒಳಗಿರುವಂತೆಯೇ ಹೊಟ್ಟೆಯ ಮೇಲೆ ಇಳಿಸಿದರು. ಅವರಿಗಾಗಲಿ ಪಕ್ಕದಲ್ಲಿದ್ದ ವಿದ್ಯಾರ್ಥಿನಿ ಗೌರಿಗಾಗಲಿ ಏನೂ ಆಗಲಿಲ್ಲ. ಪ್ರೊಪೆಲ್ಲರ್‌ಗಳು ಮಾತ್ರ ಬಾಡಿದ ಬಾಳೆಯೆಲೆಯ ಹಾಗೆ ಸುರುಟಿದವು. ಚಕ್ರ ಇಳಿಸದೆ ಎಂಜಿನ್ನಿನ ವೇಗ ತಗ್ಗಿಸಿದರೆ ಕೂಗುವ ಹಾರ್ನ್ ಒಂದಿತ್ತು ನಿಜ. ಆದರೆ ಒಂದು ಎಂಜಿನ್ನಿನ ವೇಗ ತಗ್ಗಿಸಿ ಇನ್ನೊಂದರಲ್ಲೇ ಹಾರುವ ಪಾಠ ಮಾಡುವಾಗಲೂ ಅದು ಕೂಗಿ, ಗುರುವಿನ ಮಾತು ಶಿಷ್ಯರಿಗೆ ಕೇಳದಂತೆ ಮಾಡುತ್ತಿತ್ತು. ಹಾಗಾಗಿ ಪಾಠಕ್ಕೆ ಮೊದಲು ಹಾರ್ನಿನ ಫ್ಯೂಸ್ ಕಿತ್ತು ಜೇಬಿಗೆ ಹಾಕಿಕೊಳ್ಳುವುದು ಕೇಂದ್ರದ ಸಂಪ್ರದಾಯ. ಅಂದು ಫ್ಯೂಸ್ ರಾಯರ ಜೇಬಿನಲ್ಲೇ ಉಳಿದಿತ್ತು.

"ಚಕ್ರ ಇಳಿಸಲು ಮರೆತೆ" ಎಂದು ರಾಯರು ಒಪ್ಪಿಕೊಂಡರು. ಇದರಿಂದ ವಿಚಾರಣಾ ಸಮಿತಿಗೆ ತೀವ್ರ ಮುಜುಗರವಾಯಿತು.

"ರಾವ್ ಬಾಬು, ಮರೆಯುವುದಕ್ಕೆ ನಿಯಮಾವಳಿಯಲ್ಲಿ ಅವಕಾಶವಿಲ್ಲ," ಎಂದರು ಅಧ್ಯಕ್ಷ ಶ್ಯಾಮಸುಂದರ ಬಾಬು, ತಟ್ಟೆಯಲ್ಲಿದ್ದ ಶಿಂಗಾಡಾ ಎಂಬ ಬಂಗಾಳಿ ಸಮೋಸ ಮುರಿಯುತ್ತ. "ನಿಮ್ಮ ತಪ್ಪೆಂದರೆ ನಿಮ್ಮ ಲೈಸೆನ್ಸ್ ಹೋಗುತ್ತದೆ, ಯೂನಿಯನ್ನಿನವರು ಗೇಟು ಮುಚ್ಚುತ್ತಾರೆ. ವಿಮಾನದ ತಪ್ಪೆಂದರೆ ಅದನ್ನು ಕೊಂಡವನು ನಾನು."

"ಹಾಗಾದರೆ ತಪ್ಪು ಯಾರದು, ದಾದಾ?"

"ತಪ್ಪು ಆಗಿದೆ ಅಂತ ಯಾರು ಹೇಳಿದರು?"

ಹೊರಗೆ ಕೆಂಬಾವುಟ ಹಿಡಿದವರು "ಚಕ್ರದ ನೆಪದಲ್ಲಿ ಶ್ರಮಿಕನ ಬಲಿ, ಚೋಲ್ಬೇ ನಾ, ನಡೆಯುವುದಿಲ್ಲ" ಎಂದು ಕೂಗುತ್ತಿದ್ದರು. ಶ್ರಮಿಕ ಎಂದರೆ ತಾನೇ ಎಂದು ರಾಯರಿಗೆ ಹೊಳೆಯಲು ಸ್ವಲ್ಪ ಹೊತ್ತು ಹಿಡಿಯಿತು.

"ಸುಮ್ಮನೆ ಅವರು ಹೇಳಿದಲ್ಲಿ ಸಹಿ ಹಾಕಿ ಬನ್ನಿ ಮಾರಾಯ್ರೆ," ಎಂದರು ಮನೆಯಲ್ಲಿ ಹೆಂಡತಿ ಸರೋಜಿನಿ. "ಈ ಪ್ರಾಯದಲ್ಲಿ ಊರಿಗೆ ಹೋಗಿ ಅಣ್ಣನ ಹೋಟ್ಲಿನ ಕ್ಯಾಶಲ್ಲಿ ಕೂತ್ಕೊಳ್ಳುದಾ?"

ಹಾರುವುದೊಂದು ಬಿಟ್ಟರೆ ರಾಯರಿಗೆ ಬದುಕಿನಲ್ಲಿ ಬೇರೇನೂ ಬೇಕಿರಲಿಲ್ಲ. ನಾಚಿಕೆಯಿಂದಲೇ ಸಹಿ ಹಾಕಿದರು. ವರದಿ ಹೊರಬಿತ್ತು:

"ವಿಮಾನವು ನಿಗದಿತ ರನ್‌ವೇಯಲ್ಲಿ, ನಿಗದಿತ ದಿಕ್ಕಿನಲ್ಲಿ ಇಳಿದು, ವಾಡಿಕೆಗಿಂತ ತುಸು ತಗ್ಗಿನಲ್ಲಿ ನಿಂತಿರುತ್ತದೆ. ಇದು ಅಪಘಾತವಲ್ಲ. ಟೈರುಗಳು ಕಿಂಚಿತ್ತೂ ಸವೆಯದಿರುವುದು ಶ್ಲಾಘನೀಯ. ಇನ್ನು ಮುಂದೆ ಚಕ್ರ ಇಳಿಸಬಯಸುವವರು ಉಗ್ರಾಣಾಧಿಕಾರಿಯ ಪೂರ್ವಾನುಮತಿ ಪಡೆಯತಕ್ಕದ್ದು. ಹಾರ್ನಿನ ಫ್ಯೂಸುಗಳನ್ನು ಉಗ್ರಾಣಕ್ಕೆ ಒಪ್ಪಿಸತಕ್ಕದ್ದು."

ಪ್ರೊಪೆಲ್ಲರ್ ಪೂರೈಸುತ್ತಿದ್ದವರು ಶ್ಯಾಮಸುಂದರ ಬಾಬುಗಳ ಭಾವಮೈದ. ಆ ಸಂಜೆ ಭಾವಮೈದ ಎಲ್ಲರಿಗೂ ಸಂದೇಶ್ ಮಿಠಾಯಿ ಹಂಚಿದರು.

ಗೌರಿಯ ಅಂತಿಮ ಪರೀಕ್ಷೆಗೆ ರಾಯರೇ ಪರೀಕ್ಷಕರು. ಕೆಳಗೆ ಸಿಬ್ಬಂದಿ ಜ್ಯಾಕ್ ಹಿಡಿದು, ಭಾವಮೈದ ಹೊಸ ಪ್ರೊಪೆಲ್ಲರ್ ಇಳಿಸಿಕೊಂಡು, ಶಿಸ್ತಾಗಿ ಕಾದಿದ್ದರು. ರನ್‌ವೇ ಎದುರಿಗೆ ಬಂದಾಗ ಗೌರಿಯ ಕೈ ಚಕ್ರದ ಹಿಡಿಕೆಯತ್ತ ಹೋಯಿತು.

"ಅನುಮತಿ ಸಿಕ್ಕಿದೆಯಾ?" ಎಂದರು ರಾಯರು.

"ಅರ್ಜಿ ಹಾಕಿದ್ದೆ ಸರ್. ಉಗ್ರಾಣದವರು ರಜೆಯಲ್ಲಿದ್ದಾರೆ."

ತಾನು ಕಲಿಸಿದ ಹುಡುಗಿ ಮರೆಯಲಿಲ್ಲವಲ್ಲ ಎಂಬ ಹೆಮ್ಮೆಯೂ ಲೈಸೆನ್ಸಿನ ಭಯವೂ ರಾಯರಿಗೆ ಒಟ್ಟಿಗೇ ಆದವು.

"ಹಾಗಾದರೆ ಕೈ ತೆಗಿ," ಎಂದರು.

ವಿಮಾನ ಕಿಡಿ ಹಾರಿಸುತ್ತ ನೆಲಕ್ಕೆ ಉಜ್ಜಿಕೊಂಡು ನಿಂತಿತು. ಎಲ್ಲರೂ ಚಪ್ಪಾಳೆ ತಟ್ಟಿದರು. ಗೌರಿ ಪ್ರಥಮ ದರ್ಜೆಯಲ್ಲಿ ಪಾಸಾದಳು. ಹಿಡಿಕೆಗೆ ಕೈ ಹಾಕಿದ್ದಕ್ಕಾಗಿ ಅರ್ಧ ಅಂಕ ಕಳೆಯಲಾಯಿತು. ಕಳೆದವರು ರಾಯರೇ.