ಹಕ್ಕಿಯ ಕೊರಳೂ ಹತ್ತೊಂಬತ್ತು ರೀಲೂ

ಇನ್ನೊಬ್ಬರು ಕಥೆ ಹೇಳುವಾಗ ಸುಮ್ಮನೆ ಕೂತು ಕೇಳುವುದು ಎಲ್ಲರಿಗೂ ಬರುವ ವಿದ್ಯೆಯಲ್ಲ. ನನಗಂತೂ ಬಾರದು. ಯಾರಾದರೂ ‘ಒಂದೂರಲ್ಲಿ ಒಬ್ಬ ರಾಜ ಇದ್ದ’ ಎಂದರೆ ಸಾಕು, ಯಾವ ಊರು, ಯಾವ ರಾಜ, ಇದು ಯಾವ ಗ್ರಂಥದಲ್ಲಿದೆ ಎಂದು ಬಾಯಿ ಹಾಕಿಬಿಡುತ್ತೇನೆ. ಇದು ಹುಟ್ಟುಗುಣವಲ್ಲ, ಉದ್ಯೋಗದಿಂದ ಅಂಟಿಕೊಂಡದ್ದು. ಸ್ವಾತಂತ್ರ್ಯ ಬಂದು ನಾಲ್ಕೈದು ವರ್ಷವಾಗಿದ್ದ ಆ ಕಾಲದಲ್ಲಿ ನಾನು ಬಸವನಗುಡಿಯ ಒಂದು ಕಾಲೇಜಿನಲ್ಲಿ ಕನ್ನಡ ಲೆಕ್ಚರರ್. ಮದುವೆಯ ಕರೆಯೋಲೆ ಕೈಗೆ ಬಂದರೂ ಮೊದಲು ಕಾಗುಣಿತ ನೋಡುತ್ತಿದ್ದೆ, ಮದುವೆ ಯಾರದೆಂದು ಆಮೇಲೆ ನೋಡುತ್ತಿದ್ದೆ.

ಇಂಟರ್‌ಮೀಡಿಯೆಟ್ ತರಗತಿಗೆ ಆ ವರ್ಷ ಒಂದು ಹಳೆಯ ಕಥಾಕಾವ್ಯ ಪಠ್ಯವಾಗಿತ್ತು. ಕಥೆ ಸರಳ. ಒಬ್ಬ ಮಾಂತ್ರಿಕ ರಾಜಕುಮಾರಿಯ ಮಾತನ್ನು ಕದ್ದು ಒಂದು ಹಕ್ಕಿಯ ಕೊರಳಲ್ಲಿ ಬಚ್ಚಿಡುತ್ತಾನೆ. ರಾಜಕುಮಾರಿ ಮೂಕಿಯಾಗುತ್ತಾಳೆ. ಅವಳನ್ನು ಮೆಚ್ಚಿದ ರಾಜಕುಮಾರ ಏಳು ಕಾಡು ದಾಟಿ ಹಕ್ಕಿಯನ್ನು ಹುಡುಕಿಕೊಂಡು ಹೋಗುತ್ತಾನೆ. ಇಷ್ಟನ್ನು ಹೇಳುವುದಕ್ಕೆ ಕವಿ ಹದಿನಾಲ್ಕು ಆಶ್ವಾಸಗಳನ್ನು ಬರೆದಿದ್ದಾನೆ. ಒಂದೊಂದು ಕಾಡಿಗೆ ಎರಡೆರಡು ಆಶ್ವಾಸ. ನಾನು ಮೂರನೆಯ ಕಾಡಿನಲ್ಲಿ ಸಂಧಿ ಬಿಡಿಸುವ ಹೊತ್ತಿಗೆ ಹುಡುಗರು ಒಬ್ಬೊಬ್ಬರಾಗಿ ನಿದ್ದೆ ಹೋಗುತ್ತಿದ್ದರು. ಎಚ್ಚರವಾಗಿರುತ್ತಿದ್ದವಳು ವಿಮಲಾ ಒಬ್ಬಳೇ. ತರಗತಿಯ ಮೂವರು ಹುಡುಗಿಯರಲ್ಲಿ ಒಬ್ಬಳು. ಅವಳು ಕಾವ್ಯವನ್ನು ನನಗಿಂತ ಮೊದಲೇ ಓದಿ ಮುಗಿಸಿದ್ದಳೆಂಬ ಗುಮಾನಿ ನನಗಿತ್ತು, ಆದ್ದರಿಂದ ಅವಳ ಕಡೆ ಹೆಚ್ಚು ನೋಡುತ್ತಿರಲಿಲ್ಲ.

ಆಗ ಬಂತು ಸಿನಿಮಾ. ಅದೇ ಕಥೆ, ಹತ್ತೊಂಬತ್ತು ರೀಲು, ಹತ್ತಿರ ಹತ್ತಿರ ನಾಲ್ಕು ಗಂಟೆ. ಪೇಟೆಯ ಒಂದು ಟಾಕೀಸಿಗೆ ಅದು ಬಂದ ಮಾರನೆಯ ದಿನ ಶ್ರೀಕಂಠ ಎದ್ದು ನಿಂತ. ಅವನು ಚಿಕ್ಕಪೇಟೆಯ ರೇಷ್ಮೆ ವ್ಯಾಪಾರಿಯ ಮಗ, ಯಾವ ಮಾತನ್ನೂ ಜರಿ ಅಂಚು ಹಚ್ಚಿ ಹೇಳುವವನು.

“ಸಾರ್, ತಾವು ಹೇಳೋ ಪಾಠ ಮನಸ್ಸಿಗೆ ಚೆನ್ನಾಗಿ ನಾಟ್ತಾ ಇದೆ. ಆದ್ರೆ ಆ ಸಿನಿಮಾದೋರು ಕಾವ್ಯಾನ ಏನೇನು ಕೆಡಿಸಿದಾರೋ ತಾವು ನೋಡಿ ಹೇಳಿದ್ರೆ ನಮಗೂ ಗೊತ್ತಾಗುತ್ತೆ.”

ತಪ್ಪು ಹುಡುಕುವ ಆಸೆ ತೋರಿಸಿದರೆ ನಾನು ಎಲ್ಲಿಗಾದರೂ ಬರುತ್ತೇನೆಂದು ಹುಡುಗ ಕಂಡುಕೊಂಡಿದ್ದ. ತರಗತಿಯನ್ನೆಲ್ಲ ಸಿನಿಮಾಕ್ಕೆ ಕರೆದೊಯ್ಯಲು ಪ್ರಿನ್ಸಿಪಾಲರು ಎರಡು ಷರತ್ತು ಹಾಕಿ ಒಪ್ಪಿದರು. ನೋಡಿ ಬಂದ ಮೇಲೆ ಪ್ರತಿಯೊಬ್ಬರೂ ಕಾವ್ಯಕ್ಕೂ ಸಿನಿಮಾಕ್ಕೂ ಇರುವ ವ್ಯತ್ಯಾಸದ ಮೇಲೆ ಪ್ರಬಂಧ ಬರೆಯಬೇಕು, ದೀಪ ಹಚ್ಚುವ ಹೊತ್ತಿಗೆ ಹುಡುಗಿಯರು ಮನೆ ಸೇರಿರಬೇಕು. ಹುಡುಗಿಯರ ತಂದೆಯರು ಮೂರನೆಯದೊಂದನ್ನು ಸೇರಿಸಿದರು. ಮೇಷ್ಟ್ರ ಹೆಂಡತಿ ಜೊತೆಗಿದ್ದರೆ ಮಾತ್ರ ಕಳಿಸುತ್ತೇವೆ ಎಂದರು.

ಜಾನಕಿಗೆ ಹೇಳಿದೆ. ಮದುವೆಯಾಗಿ ಹನ್ನೊಂದು ವರ್ಷದಲ್ಲಿ ನಾನು ಅವಳನ್ನು ಸಿನಿಮಾಕ್ಕೆ ಕರೆದದ್ದು ಅದೇ ಮೊದಲು. ಅವಳು ಕಾರಣ ಕೇಳಲಿಲ್ಲ. “ಎಷ್ಟು ಜನ ಹುಡುಗರು?” ಎಂದು ಕೇಳಿ, ಹಿಂದಿನ ದಿನವೇ ಒಂದು ಡಬ್ಬಿ ತುಂಬ ಕೋಡುಬಳೆ ಕರಿದಿಟ್ಟಳು.

ಶನಿವಾರ ಮಧ್ಯಾಹ್ನ ಜಾನಕಿಯೂ ಮೂವರು ಹುಡುಗಿಯರೂ ಚಾಮರಾಜಪೇಟೆಯ ನಮ್ಮ ಮನೆಯಿಂದ ಜಟಕಾದಲ್ಲಿ ಹೊರಟರು. ನಾನು ಇಪ್ಪತ್ತೆರಡು ಹುಡುಗರ ಜೊತೆ ನಡೆದು ಹೊರಟೆ. ಕಂಕುಳಲ್ಲಿ ಕಾವ್ಯದ ಪುಸ್ತಕ, ಜೇಬಿನಲ್ಲಿ ಬ್ಯಾಟರಿ. ಕತ್ತಲೆಯಲ್ಲಿ ಪದ್ಯದ ಸಂಖ್ಯೆ ನೋಡಿಕೊಳ್ಳಬೇಕಲ್ಲ. ಟಾಕೀಸಿನಲ್ಲಿ ಹೆಂಗಸರಿಗೆ ಒಂದು ಪಕ್ಕ ಬೇರೆ ಬೆಂಚುಗಳಿದ್ದವು, ನಡುವೆ ಸೊಂಟದೆತ್ತರದ ಅಡ್ಡಗೋಡೆ. ಜಾನಕಿ ಹುಡುಗಿಯರೊಂದಿಗೆ ಆ ಕಡೆ ಹೋದಳು. ಹೋಗುವಾಗ ಕೋಡುಬಳೆಯಲ್ಲಿ ಮುಕ್ಕಾಲು ಪಾಲನ್ನು ಶ್ರೀಕಂಠನ ವಶಕ್ಕೆ ಕೊಟ್ಟಳು. ನನ್ನ ವಶಕ್ಕೆ ಯಾಕೆ ಕೊಡಲಿಲ್ಲವೆಂದು ನಾನು ಕೇಳಲಿಲ್ಲ.

ಸಿನಿಮಾ ಶುರುವಾಯಿತು. ಮೊದಲ ರೀಲಿನಲ್ಲೇ ರಾಜಕುಮಾರಿಗೆ ಒಬ್ಬ ತಂಗಿ ಕಾಣಿಸಿಕೊಂಡಳು. ಕಾವ್ಯದಲ್ಲಿ ತಂಗಿ ಇಲ್ಲ. ನಾನು ಬ್ಯಾಟರಿ ಹಾಕಿ ನೋಡಿ, ಪಕ್ಕದ ಹುಡುಗರಿಗೆ “ಈ ತಂಗಿ ಮೂಲದಲ್ಲಿ ಇಲ್ಲ” ಎಂದೆ. ಮೂರನೆಯ ರೀಲಿನಲ್ಲಿ ರಾಜಕುಮಾರ ಹಾರುವ ಮಂಚ ಹತ್ತಿದ. ಮಂಚವನ್ನು ಎತ್ತಿ ಹಿಡಿದ ತಂತಿಗಳು ನಾಲ್ಕೂ ಕಾಣುತ್ತಿದ್ದವು. “ಮಂಚವೂ ಇಲ್ಲ, ತಂತಿಯೂ ಇಲ್ಲ” ಎಂದೆ. ಆರನೆಯ ರೀಲಿನ ಸಿಂಹ ಯಾವುದೋ ಸರ್ಕಸ್ಸಿನಲ್ಲಿ ದುಡಿದು ಹಣ್ಣಾದದ್ದು. ರಾಜಕುಮಾರ ಕತ್ತಿ ಹಿರಿದಾಗ ಅದು ಆಕಳಿಸಿತು, ಹುಡುಗರು ಇಪ್ಪತ್ತೆರಡು ಮಂದಿಯೂ ಒಟ್ಟಿಗೆ ಆಕಳಿಸಿದರು. “ಸಿಂಹ ಇದೆ, ಆದರೆ ಅದು ಐದನೆಯ ಕಾಡಿನಲ್ಲಿ ಬರಬೇಕು” ಎಂದು ನಾನು ಹೇಳುವಷ್ಟರಲ್ಲಿ ಮುಂದಿನ ಸಾಲಿನಲ್ಲಿ ತಲೆಗೆ ರುಮಾಲು ಸುತ್ತಿ ಕೂತಿದ್ದ ಯಜಮಾನರು ತಿರುಗಿದರು.

“ಸ್ವಾಮಿ, ಇಲ್ಲದ್ದನ್ನೆಲ್ಲ ಆಮೇಲೆ ಹೇಳೋರಂತೆ. ಈಗ ಇರೋದನ್ನ ನೋಡ್ಕೊಳ್ತೀನಿ, ಆ ದೀಪ ಆರಿಸಿ.”

ಆರಿಸಿದೆ. ಆರಿಸಿದ ಮೇಲೆ ನಡೆದದ್ದನ್ನು ಹೇಳಲು ಸ್ವಲ್ಪ ಸಂಕೋಚವಾಗುತ್ತದೆ. ಪುಸ್ತಕ ಕಾಣದೆ ಹೋದದ್ದರಿಂದ ನಾನು ಪರದೆಯನ್ನೇ ನೋಡಬೇಕಾಯಿತು. ನೋಡುತ್ತ ನೋಡುತ್ತ, ಮಾಂತ್ರಿಕ ರಾಜಕುಮಾರನ ಹಿಂದಿನಿಂದ ವಿಷದ ಬಟ್ಟಲು ಹಿಡಿದು ಬಂದಾಗ “ಹಿಂದೆ ನೋಡೋ, ಹಿಂದೆ ನೋಡೋ” ಎಂದು ಕೂಗಿದ್ದು ನಾನೇ. ಶ್ರೀಕಂಠ ನನ್ನ ಕೈಗೊಂದು ಕೋಡುಬಳೆ ಕೊಟ್ಟು, “ಅದು ಕಾವ್ಯದಲ್ಲಿದೆಯಾ ಸಾರ್?” ಎಂದು ಕೇಳಿದ. ನಾನು ಕೋಡುಬಳೆ ಕಡಿದೆ.

ಹದಿನೇಳನೆಯ ರೀಲು ಮುಗಿಯುವಾಗ ರಾಜಕುಮಾರ ಹಕ್ಕಿಯ ಗೂಡಿನ ಕೆಳಗೆ ನಿಂತಿದ್ದ. ಹಕ್ಕಿ ಕೊರಳೆತ್ತಿತು. ಪರದೆ ಬೆಳ್ಳಗಾಯಿತು. ದೀಪ ಹತ್ತಿಕೊಂಡವು. ಮ್ಯಾನೇಜರು ಪರದೆಯ ಮುಂದೆ ಬಂದು ಕೈಮುಗಿದರು.

“ಮಹಾಜನಗಳು ಕ್ಷಮಿಸಬೇಕು. ಇದೇ ಚಿತ್ರ ದಂಡು ಪ್ರದೇಶದ ಟಾಕೀಸಿನಲ್ಲೂ ನಡೀತಾ ಇದೆ. ಕೊನೇ ಎರಡು ರೀಲು ಅಲ್ಲಿಂದ ಸೈಕಲ್ ಮೇಲೆ ಬರ್ತಾ ಇದೆ. ಇನ್ನೇನು ಬಂದ್ಬಿಡುತ್ತೆ.”

ಹದಿನೇಳು ರೀಲಿನ ಪೆಟ್ಟಿಗೆಗಳು ಹೊತ್ತಿಗೆ ಸರಿಯಾಗಿ ಬಂದಿದ್ದವು, ಕೊನೆಯದಕ್ಕೆ ಸೈಕಲ್ಲು ಕೈಕೊಟ್ಟಿತ್ತು. ಹತ್ತು ನಿಮಿಷವಾಯಿತು, ಕಾಲು ಗಂಟೆಯಾಯಿತು. ನೆಲದ ಮೇಲೆ ಕೂರುವ ಅಗ್ಗದ ಕ್ಲಾಸಿನವರು ಶಿಳ್ಳೆ ಹೊಡೆದರು, ಬೆಂಚಿನವರು ಬೆಂಚು ಕುಟ್ಟಿದರು. ಕುರ್ಚಿಯೊಂದು ಲಟಕ್ಕೆಂದಿತು. ಗಡಿಯಾರ ಐದೂವರೆ ತೋರಿಸುತ್ತಿತ್ತು, ಮೂವರು ತಂದೆಯರ ಮುಖ ನನ್ನ ಕಣ್ಣ ಮುಂದೆ ಸುಳಿಯಿತು. ಹುಡುಗಿಯರನ್ನು ಹೊರಡಿಸಿಬಿಡೋಣವೆಂದು ಏಳುವಷ್ಟರಲ್ಲಿ ಶ್ರೀಕಂಠ ಬೆಂಚು ಹತ್ತಿ ನಿಂತಿದ್ದ.

“ಗಲಾಟೆ ಬೇಡಿ. ನಮ್ಮ ಸಾರ್‌ಗೆ ಈ ಕಥೆ ಪೂರ್ತಿ ಗೊತ್ತು. ಮಿಕ್ಕಿದ್ದು ಅವರು ಹೇಳ್ತಾರೆ.”

ಮ್ಯಾನೇಜರು ನನ್ನನ್ನು ಕಂಡು ದೇವರೇ ಬಂದಂತೆ ಕೈಹಿಡಿದು ಕರೆದೊಯ್ದರು. ಆರು ನೂರು ಜನರ ಮುಂದೆ ನಿಂತೆ. ನಿಜ ಹೇಳುತ್ತೇನೆ, ನನಗೆ ಒಳಗೊಳಗೇ ಸಂತೋಷವಾಯಿತು. ನಿದ್ದೆ ಮಾಡದ ಅಷ್ಟು ದೊಡ್ಡ ತರಗತಿಯನ್ನು ನಾನು ಅದುವರೆಗೆ ಕಂಡಿರಲಿಲ್ಲ. ಗಂಟಲು ಸರಿಮಾಡಿಕೊಂಡು ಆರಂಭಿಸಿದೆ.

“ಈ ಕಥೆಯ ಮೂಲದ ಬಗ್ಗೆ ವಿದ್ವಾಂಸರಲ್ಲಿ ಎರಡು ಅಭಿಪ್ರಾಯಗಳಿವೆ.”

“ಹಕ್ಕಿ ಏನಾಯ್ತು ಹೇಳಿ ಸ್ವಾಮಿ” ಎಂದಿತು ನೆಲದಿಂದ ಒಂದು ದನಿ.

ಹಕ್ಕಿಗೆ ಸಂಬಂಧಿಸಿದ ವೃತ್ತವೊಂದನ್ನು ರಾಗವಾಗಿ ಓದಿದೆ. ಕಡಲೆಕಾಯಿ ಸಿಪ್ಪೆ ಬಂದು ಎದೆಗೆ ಬಿತ್ತು. ಗಾಬರಿಯಲ್ಲಿ ನೇರವಾಗಿ ಕೊನೆಗೇ ಹಾರಿದೆ. “ರಾಜಕುಮಾರನು ಖಡ್ಗದಿಂದ ಹಕ್ಕಿಯ ಕೊರಳನ್ನು ಕತ್ತರಿಸುತ್ತಾನೆ. ಮಾತು ಹೊರಬರುತ್ತದೆ. ರಾಜಕುಮಾರಿಯು ಅವನನ್ನು ನಲವತ್ತು ಪದ್ಯಗಳಲ್ಲಿ ಹೊಗಳುತ್ತಾಳೆ.”

ಕೂಡಲೇ ಹೆಂಗಸರ ಕಡೆ ಒಂದು ಪುಟ್ಟ ಹುಡುಗಿ ಜೋರಾಗಿ ಅಳತೊಡಗಿತು. ಹಕ್ಕಿ ಸತ್ತದ್ದು ಅದಕ್ಕೆ ತಡೆಯಲಾಗಲಿಲ್ಲ. ತಾಯಿ ಎಷ್ಟು ಸಮಾಧಾನ ಮಾಡಿದರೂ ಅಳು ನಿಲ್ಲದು. ಆಗ ಜಾನಕಿಯ ದನಿ ಕೇಳಿಸಿತು.

“ಅಳಬೇಡ ಪುಟ್ಟಿ. ಹಕ್ಕಿಗೆ ಏನೂ ಆಗಲಿಲ್ಲ. ಅವರಿಗೆ ಸರಿಯಾಗಿ ಗೊತ್ತಿಲ್ಲ.”

‘ಅವರು’ ಎಂದರೆ ನಾನು.

“ಹಕ್ಕಿ ಅವನ ಕೈಗೆ ಸಿಕ್ಕಿದ್ರೆ ತಾನೆ? ಅದು ಹಾರಿ ಸೀದಾ ರಾಜಕುಮಾರಿ ಕಿಟಕಿಗೇ ಬಂತು. ಅವಳು ಅಕ್ಕಿ ಹಾಕಿದಳು. ತಿಂದು, ‘ನಿನ್ನ ಮಾತು ನನ್ನ ಹತ್ರ ಇದೆ, ವಾಪಸ್ ಕೊಡೋಣ ಅಂದ್ರೆ ಅದರಲ್ಲಿ ಹಾಡೋದು ಕಲ್ತುಬಿಟ್ಟಿದೀನಿ, ಏನ್ಮಾಡ್ಲಿ’ ಅಂತು.”

“ಆಮೇಲೆ?” ಎಂದಿತು ಹುಡುಗಿ.

“ಆಮೇಲೆ?” ಎಂದರು ರುಮಾಲಿನ ಯಜಮಾನರು.

ಜಾನಕಿ ಎದ್ದು ನಿಂತದ್ದು ಯಾವಾಗ ಎಂದು ಅವಳಿಗೇ ತಿಳಿದಿರಲಿಲ್ಲವೆಂದು ತೋರುತ್ತದೆ. ಒಂದು ಕೈ ಅಡ್ಡಗೋಡೆಯ ಮೇಲಿತ್ತು, ಇನ್ನೊಂದು ಹುಡುಗಿಯ ತಲೆಯ ಮೇಲಿತ್ತು. ಹಕ್ಕಿಯೂ ರಾಜಕುಮಾರಿಯೂ ಹೇಗೆ ಜಗಳವಾಡಿದರು, ಹೇಗೆ ರಾಜಿಯಾದರು, ಮಾಂತ್ರಿಕ ಬಂದಾಗ ಇಬ್ಬರೂ ಒಂದೇ ದನಿಯಲ್ಲಿ ಕೂಗಿ ಅವನ ಕಿವಿ ಕಿವುಡಾಗಿಸಿ ಓಡಿಸಿದ್ದು ಹೇಗೆ, ಎಲ್ಲವನ್ನೂ ಹೇಳಿದಳು. ಹಕ್ಕಿಯ ದನಿಯೇ ಬೇರೆ, ಮಾಂತ್ರಿಕನ ದನಿಯೇ ಬೇರೆ. ಹಗಲೆಲ್ಲ ದನಿ ಹಕ್ಕಿಗೆ, ಸಂಜೆಯಾದ ಮೇಲೆ ರಾಜಕುಮಾರಿಗೆ ಎಂದು ಒಪ್ಪಂದವಾಯಿತಂತೆ. ಕತ್ತಲಾದ ಮೇಲೆ ಹಕ್ಕಿಗಳು ಹಾಡದೆ ಇರುವುದು ಅದಕ್ಕೇ ಅಂತೆ. ನಾನು ಪರದೆಯ ಮುಂದೆ ಹಾಗೇ ನಿಂತಿದ್ದೆ. ಗೂಬೆಯ ವಿಷಯ ಎತ್ತಬಹುದಿತ್ತು, ಎತ್ತಲಿಲ್ಲ. ನನಗೂ ಮುಂದೇನಾಯಿತೆಂದು ತಿಳಿಯಬೇಕಿತ್ತು.

ಅಷ್ಟರಲ್ಲಿ ದೀಪ ಆರಿದವು. ರೀಲು ಬಂದಿತ್ತು. ಇಡೀ ಟಾಕೀಸು “ದೀಪ ಹಾಕ್ರೀ” ಎಂದು ಕೂಗಿತು. ಮತ್ತೆ ದೀಪ ಬಂತು.

“ತಾಯಿ, ರಾಜಕುಮಾರ ಏನಾದ?” ಎಂದರು ಯಜಮಾನರು.

“ಅವನೇ? ಏಳು ಕಾಡು ಸುತ್ತಿ, ಹಕ್ಕಿ ಸಿಗದೆ, ದೀಪ ಹಚ್ಚೋ ಹೊತ್ತಿಗೆ ವಾಪಸ್ ಬಂದ. ಮೈಯೆಲ್ಲ ಧೂಳು. ಬಾಗಿಲಲ್ಲಿ ನಿಂತಿದ್ದ ರಾಜಕುಮಾರಿ ಮೊದಲನೇ ಸಲ ಅವನ ಹತ್ರ ಬಾಯಿಬಿಟ್ಟು ಕೇಳಿದಳು, ‘ಇಷ್ಟು ಹೊತ್ತು ಎಲ್ಲಿಗೆ ಹೋಗಿದ್ರಿ?’”

ಆ ನಗುವನ್ನು ನಾನು ಇನ್ನೂ ಮರೆತಿಲ್ಲ. ಹೆಂಗಸರ ಕಡೆಯಿಂದ ಎದ್ದು ಗೋಡೆ ದಾಟಿ ನೆಲದವರೆಗೆ ಹೋಗಿ ಮತ್ತೆ ಹಿಂದಕ್ಕೆ ಬಂತು. ಅಳುತ್ತಿದ್ದ ಹುಡುಗಿಯೂ ನಗುತ್ತಿತ್ತು. ಆಮೇಲೆ ತೋರಿಸಿದ ಎರಡು ರೀಲಿನಲ್ಲಿ ರಾಜಕುಮಾರ ಒಂದೂವರೆ ರೀಲು ಕತ್ತಿವರಸೆ ಮಾಡಿ ಮಾಂತ್ರಿಕನನ್ನು ಕೊಂದ. ರಾಜಕುಮಾರಿ ಮಾತು ಬಂದ ಸಂಭ್ರಮದಲ್ಲಿ ಹಾಡಲು ಬಾಯಿ ತೆರೆದಳು. ಅವಳು ದನಿ ತೆಗೆಯುವ ಮೊದಲೇ ನೆಲದ ಕ್ಲಾಸಿನಿಂದ “ಎಲ್ಲಿಗೆ ಹೋಗಿದ್ರಿ?” ಎಂದು ಯಾರೋ ಕೇಳಿದರು. ಆ ಹಾಡು ಯಾರಿಗೂ ಕೇಳಿಸಲಿಲ್ಲ.

ಮ್ಯಾನೇಜರು ಎರಡು ಜಟಕಾ ತರಿಸಿ ಹುಡುಗಿಯರನ್ನು ಹೊತ್ತಿಗೆ ಮುಂಚೆ ಮನೆ ಸೇರಿಸಿದರು. ನಾವಿಬ್ಬರೂ ನಡೆದೇ ಬಂದೆವು.

“ಈ ಕಥೆ ನಿನಗೆಲ್ಲಿಂದ ಬಂತು?” ಎಂದೆ.

“ನಮ್ಮಜ್ಜಿ ಹೇಳ್ತಿದ್ರು.”

“ಮೂರು ತಿಂಗಳಿಂದ ಮನೇಲಿ ಕೂತು ಈ ಪಾಠ ತಯಾರು ಮಾಡ್ತಿದೀನಿ. ನನಗೆ ಒಂದು ಸಲಾನೂ ಹೇಳಲಿಲ್ವಲ್ಲ.”

“ಮದುವೆಯಾದ ಹೊಸದರಲ್ಲಿ ಶುರು ಮಾಡಿದ್ದೆ ಕಣ್ರೀ. ‘ಒಂದು ಹಕ್ಕಿ ಇತ್ತು’ ಅಂದೆ. ಯಾವ ಜಾತಿ ಹಕ್ಕಿ ಅಂತ ಕೇಳಿದಿರಿ. ಆಮೇಲೆ ಒಲೆ ಮೇಲೆ ಹಾಲು ಇತ್ತು ಅಂತ ಎದ್ದುಹೋದೆ.”

ಅವಳು ನಗುತ್ತಲೇ ಹೇಳಿದಳು. ಹನ್ನೊಂದು ವರ್ಷ ನನ್ನ ಮನೆಯಲ್ಲೇ ಇದ್ದ ಕಥೆಯನ್ನು ಆರು ನೂರು ಜನ ಅಪರಿಚಿತರ ಜೊತೆ ಕೂಡಿ ಕೇಳಬೇಕಾಯಿತಲ್ಲ ಎಂದು ನನಗೆ ಸ್ವಲ್ಪ ಚುರುಕ್ಕೆಂದಿತು. “ನಿಮ್ಮಜ್ಜಿ ಇನ್ನೂ ಏನೇನು ಹೇಳ್ತಿದ್ರು?” ಎಂದೆ. ಅವಳು ಇನ್ನೊಂದು ಕಥೆ ಶುರುಮಾಡಿದಳು. ಮನೆ ಬರುವವರೆಗೂ ತುಟಿ ಬಿಗಿಹಿಡಿದು ನಡೆದೆ. ಒಂದೇ ಒಂದು ಸಲ ಕೆಮ್ಮಿದೆ.

ಸೋಮವಾರ ಪ್ರಬಂಧಗಳು ಬಂದವು. ಇಪ್ಪತ್ತೈದರಲ್ಲಿ ಇಪ್ಪತ್ತೈದೂ ಕಾವ್ಯಕ್ಕೆ ಒಂದು ಪುಟ, ಸಿನಿಮಾಕ್ಕೆ ಒಂದು ಪುಟ, ಜಾನಕಿಗೆ ನಾಲ್ಕು ಪುಟ. ಕಥೆ ಮೊದಲು ಅಜ್ಜಿಯರ ಬಾಯಲ್ಲಿತ್ತು, ಕವಿಯೇ ಅದನ್ನು ಕೆಡಿಸಿರಬೇಕು ಎಂದು ವಿಮಲಾ ಆಧಾರಸಹಿತ ವಾದಿಸಿದ್ದಳು. ಪ್ರಿನ್ಸಿಪಾಲರು ಓದಿ ಕನ್ನಡಕ ತೆಗೆದು, “ಈ ಮೂರನೇ ಪಾಠಾಂತರ ಯಾವ ಹಸ್ತಪ್ರತಿಯದು?” ಎಂದು ಕೇಳಿದರು. “ಚಾಮರಾಜಪೇಟೆ ಪ್ರತಿ ಸಾರ್” ಎಂದೆ. ಅವರು ತಲೆದೂಗಿ ಬರೆದುಕೊಂಡರು.

ಮುಂದಿನ ವರ್ಷವೂ ಅದೇ ಪಠ್ಯ. ಹದಿಮೂರು ಆಶ್ವಾಸ ಪುಸ್ತಕದಂತೆ ಹೇಳಿ, ಹದಿನಾಲ್ಕನೆಯದಕ್ಕೆ ಪುಸ್ತಕ ಮುಚ್ಚಿ, ಜಾನಕಿ ಹೇಳಿದಂತೆ ಹೇಳಿದೆ. ಹಕ್ಕಿಯ ದನಿಯನ್ನೂ ತಕ್ಕಮಟ್ಟಿಗೆ ತೆಗೆದೆ. ಹುಡುಗರು ಬೆಂಚು ತಟ್ಟಿ ನಕ್ಕರು. ನನ್ನಷ್ಟು ಸ್ವಾರಸ್ಯವಾಗಿ ಕಥೆ ಹೇಳುವವರು ಬೆಂಗಳೂರಿನಲ್ಲೇ ಇಲ್ಲವೆಂದು ಕಾಲೇಜಿನಲ್ಲೆಲ್ಲ ಮಾತಾಯಿತು. ಆ ಮಾತನ್ನು ಅದರ ನಿಜವಾದ ವಾರಸುದಾರಳಿಗೆ ಮುಟ್ಟಿಸಬೇಕೆಂದು ದಿನಾ ಸಂಜೆ ಮನೆಗೆ ಹೊರಡುವಾಗ ಅಂದುಕೊಳ್ಳುತ್ತೇನೆ. ಬಸವನಗುಡಿಯಿಂದ ಚಾಮರಾಜಪೇಟೆ ಅಷ್ಟೇನೂ ದೂರವಿಲ್ಲ. ಆದರೂ ಯಾಕೋ ದಾರಿಯಲ್ಲಿ ಮರೆತುಹೋಗುತ್ತದೆ.