ಕರೋಶಿ ತಂಡದ ಮಾಲಕ

ಕಬ್ಬೂರಿನ ಟ್ರ್ಯಾಕ್ಟರ್ ಶರ್ಯತ್ತಿನ ದಿನ ಕರೋಶಿ ತಂಡದ ಮಾಲಕ ಲಗಮಪ್ಪನಿಗೆ ಒಂದು ಕುರ್ಚಿ ಹಾಕಿದರು. ಗೋಳು ಶುರುವಾದದ್ದೇ ಆ ಕುರ್ಚಿಯಿಂದ.

ಟ್ರಾಲಿ ಕಟ್ಟಿದ ಟ್ರ್ಯಾಕ್ಟರನ್ನು ಸುಣ್ಣದ ಗೆರೆ ತುಳಿಯದಂತೆ ಹಿಮ್ಮುಖವಾಗಿ ಓಡಿಸುವ ಪಂದ್ಯವದು. ಮೊದಲೆಲ್ಲ ಇಂಜಿನ್ ಬಿಚ್ಚುವವನೂ ಮಾಲಕ, ಕೈಸನ್ನೆ ಮಾಡಿ ದಾರಿ ತೋರಿಸುವವನೂ ಮಾಲಕ. ಈಗ ಟ್ರಾಲಿಯ ಹಿಂಬದಿಗೆ ಕ್ಯಾಮೆರಾ, ಚಾಲಕನ ಕಣ್ಣೆದುರಿಗೆ ಮೊಬೈಲು.

"ಹಂಗಾರ ನಾ ಏನ್ ಮಾಡ್ಲೆವ್ವಾ?" ಲಗಮಪ್ಪ ಕೇಳಿದ.

"ಕುಂದರ್ರಿ ದೊಡಪ್ಪಾ, ಫೋಟೊದಾಗ ನಗ್ರಿ. ಈಗಿನ ಮಾಲಕರು ಮಾಡೂದು ಅಷ್ಟ," ಎಂದಳು ತಮ್ಮನ ಮಗಳು ಸಪನಾ. ತಂಡದ ಕಾರಭಾರವೆಲ್ಲ ಈಗ ಅವಳದು.

ತಂಡಕ್ಕೆ ತನ್ನ ಅಂಗಡಿ ಹೆಸರು ಬರೆಸಿದ ಅಂಗಿ ಕೊಡಿಸಿದ್ದ ಗೊಬ್ಬರದಂಗಡಿ ಜಿನ್ನಪ್ಪ, "ಎದಿ ಉಬ್ಬಸರಿ ಕಾಕಾ, ಅಂಗಡಿ ಹೆಸರು ಮಡಚಾಕತ್ತೈತಿ" ಎಂದ. ಲಗಮಪ್ಪ ಎತ್ತರದ ಪಟಕಾ ಸುತ್ತಿದ ತಲೆ ಎತ್ತಿ, ಮುನಿಸಿಕೊಂಡ ಬೀಗನಂತೆ ಬಿಗಿದು ಕುಳಿತ.

ಪೂಜೆಯೊಂದನ್ನು ಮಾತ್ರ ಯಾರೂ ಕಿತ್ತುಕೊಂಡಿರಲಿಲ್ಲ. ಮಂಗಸೂಳಿ ಮಲ್ಲಯ್ಯನ ಹೆಸರಿನಲ್ಲಿ ಒಂದು ಹಿಡಿ ಭಂಡಾರವನ್ನು ಇಂಜಿನ್ನಿಗೆ ಎರಚಿದ. ಹೋದ ವರ್ಷ ತೀರಿಕೊಂಡ ತಮ್ಮ, ಸಪನಾಳ ಅಪ್ಪ ಭರಮುವಿನ ಹೆಸರಿನಲ್ಲಿ ಇನ್ನೊಂದು ಹಿಡಿಯನ್ನು ಟ್ರಾಲಿಯ ಹಿಂಬದಿಗೆ ಎರಚಿದ. ಆ ಅರಿಷಿಣದ ಪುಡಿ ನೇರ ಕ್ಯಾಮೆರಾದ ಕಣ್ಣಿಗೇ ಮೆತ್ತಿಕೊಂಡಿತು.

ಸೀಟಿ ಊದಿದರು.

"ಅಕ್ಕಾ, ಮೊಬೈಲ್ ತುಂಬ ಹಳದಿ! ಏನೂ ಕಾಣವಲ್ದು!" ಚಾಲಕ ಶುಭಮ ಸಪನಾಳಿಗೆ ಕೂಗಿ ಹೇಳಿದ.

ಲಗಮಪ್ಪ ಕುರ್ಚಿ ಒದ್ದು ಎದ್ದ. ಹಿಂದಕ್ಕೆ ಬರುತ್ತಿದ್ದ ಟ್ರಾಲಿಯ ದಾರಿಗೇ ನುಗ್ಗಿ, ಕಬ್ಬಿನ ಹೊಲದಲ್ಲಿ ಹಂದಿ ಅಟ್ಟುವವನಂತೆ ಕೈ ಬೀಸುತ್ತ ಸುಣ್ಣದ ಗೆರೆಗಳ ನಡುವೆ ಓಡಿದ. "ಎಡಕ್! ಬಲಕ್! ಬಾರಲೇ ಮಗನ!"

"ದೊಡಪ್ಪಾ, ಸಾಯ್ತೀರಿ!" ಸಪನಾ ಚೀರಿದಳು.

ಯಾರೂ ಸಾಯಲಿಲ್ಲ. ಕರೋಶಿ ಗೆದ್ದಿತು.

ಮಂದಿ ಲಗಮಪ್ಪನನ್ನು ಹೆಗಲಿಗೇರಿಸಿದರು. ಮೇಲಿಂದಲೇ ಅವನು ಗುಡುಗಿದ. "ನೋಡಿದಿ ಸಪನಾ? ಮಾಲಕ ಅಂದ್ರ ಹಿಂಗ! ಶುಭಮ, ಯಾರ ಕೈಸನ್ನಿ ನೋಡಿ ಗೆದ್ದಿ, ಹೇಳಲೇ ಮಂದಿಗೆ!"

ಶುಭಮ ಬೆವರು ಒರೆಸಿಕೊಂಡ. "ಕೈ ಎಲ್ಲಿ ಕಂಡ್ವು ದೊಡಪ್ಪಾ? ಇಂಜಿನ್ ಸಪ್ಪಳದಾಗ ಮಾತೂ ಕೇಳಲಿಲ್ಲ. ಟ್ರಾಲಿ ಮ್ಯಾಲ ನಿಮ್ಮ ಪಟಕಾದ ತುದಿ ಅಷ್ಟ ಕಾಣತಿತ್ತು. ಅದು ಕಾಣದಂಗ ಆತಂದ್ರ ನೀವು ಗಾಲಿ ಕೆಳಗ ಅಂತ ಅಂಜಿ, ಅದನ್ನ ಟ್ರಾಲಿ ನಟ್ಟನಡುವ ಇಟ್ಕೊಂಡ ಬಂದೆ."

ಮಂದಿ ಬಿದ್ದು ಬಿದ್ದು ನಕ್ಕರು. ಸಪನಾ ಮಾತ್ರ ನಗಲಿಲ್ಲ, ಯೋಚಿಸಿದಳು.

"ದೊಡಪ್ಪಾ, ಮುಂದಿನ ಶರ್ಯತ್ತಿಗೆ ಕ್ಯಾಮೆರಾ ಬ್ಯಾಡ, ನೀವ ಬರ್ರಿ. ಆದ್ರ ಕೈ ಬೀಸಬ್ಯಾಡ್ರಿ, ಒದರಬ್ಯಾಡ್ರಿ. ಬರೇ ನೆಟ್ಟಗ ಓಡ್ರಿ."

ಲಗಮಪ್ಪ ಪಟಕಾವನ್ನು ಬಿಚ್ಚಿ, ಕೊಡವಿ, ಮತ್ತಷ್ಟು ಎತ್ತರಕ್ಕೆ ಸುತ್ತಿಕೊಂಡ.

"ಓಡ್ತೀನಿ. ಆದ್ರ ಓಡಾಕತ್ತಾಂವ ಮಾಲಕ ಅಂತ ಮೈಕಿನ್ಯಾಗ ಹೇಳಸಬೇಕ ನೋಡ್!"